ಹಡಗು ಮುಳುಗಿಸುವ ಆಟ

ಅವರು ತೀರಿಕೊಂಡ ಮೇಲೆ ನಡುಮನೆಯ ಹಳೆಯ ಕಂಪ್ಯೂಟರನ್ನು ನಾನು ಮುಟ್ಟಿರಲಿಲ್ಲ. ಊರಿಂದ ಬಂದ ಮೈದುನ ಅದನ್ನು ಕೆದಕುತ್ತ ಕೂತ.

"ಅತ್ತಿಗೆ, ನಿಧಿನೇ ಇದೆಯಲ್ಲ ಇದರಲ್ಲಿ! ಇಂಥ ಹಳೇ ಗೇಮುಗಳು ಈಗೆಲ್ಲಿ ಸಿಗ್ತವೆ? ಅಣ್ಣನಿಗೆ ಯಾವುದು ಇಷ್ಟ?"

"ಹಡಗು ಮುಳುಗಿಸೋದು. ದಿನಾ ಸಂಜೆ ಆಡ್ತಿದ್ವಿ. ನಾನು ಇಲ್ಲಿ, ಅವರು ಲ್ಯಾಪ್‌ಟಾಪ್ ಹಿಡ್ಕೊಂಡು ರೂಮಲ್ಲಿ."

"ಬಾಗಿಲು ಹಾಕ್ಕೊಂಡಾ?"

"ಮತ್ತೆ? 'ತೆರೆದಿದ್ರೆ ನನ್ನ ಹಡಗು ಎಲ್ಲಿದೆ ಅಂತ ಇಣುಕ್ತೀಯ, ಕಳ್ಳಿ' ಅನ್ನೋರು. ಆಗಾಗ ಒಳಗಿಂದ ಮೆಲ್ಲಗೆ ನಗು ಕೇಳಿಸೋದು. ಇನ್ನು ನನ್ನ ಹಡಗಿನ ಕತೆ ಮುಗೀತು ಅಂದ್ಕೊಳ್ತಿದ್ದೆ."

ಮದುವೆಯಾದ ಮೇಲೆ ಅವರು ನಕ್ಕಿದ್ದನ್ನು ನಾನು ಕೇಳಿದ್ದು ಆ ಹೊತ್ತಿನಲ್ಲಿ ಮಾತ್ರ. ನನಗೆಂದು ಉಳಿದಿದ್ದೂ ಆ ನಗು ಒಂದೇ.

"ಒಂದೇ ಒಂದು ಸಲ ಅವರ ಜಾಗದಲ್ಲಿ ಕೂತು ನನ್ನ ಜೊತೆ ಆಡ್ತೀಯೇನೋ?" ಎಂದೆ.

ಅವನು ರೂಮಿಗೆ ಹೋಗಿ ಲ್ಯಾಪ್‌ಟಾಪ್ ತಂದ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ತಡಕಾಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ:

"ಇದನ್ನ ಇಬ್ರು ಆಡೋಕೇ ಆಗಲ್ಲ ಅತ್ತಿಗೆ. ಎದುರಿಗೆ ಆಡೋದು ಕಂಪ್ಯೂಟರೇ."