ಸಹಿಯ ಕೆಳಗಿನ ಗೆರೆ

ಸಾಫ್ಟ್‌ವೇರ್ ಕಟ್ಟಡವೊಂದನ್ನು ಉದ್ಘಾಟಿಸಿ ದಿಲ್ಲಿಗೆ ಮರಳುತ್ತಿದ್ದ ಕೇಂದ್ರ ಮಂತ್ರಿ ಭುಜಂಗರಾಯರು ಡಮ್ ಡಮ್ ವಿಮಾನ ನಿಲ್ದಾಣದಲ್ಲಿ ಪೆನ್ನು ತೆಗೆದಾಗ, ಮೋಹನದಾಸರ ಕಣ್ಣು ಅದರ ತುದಿಯಲ್ಲೇ ನೆಟ್ಟಿತು. ಹಾಸಿಗೆ ಹಿಡಿದ ಹೆಂಡತಿಯನ್ನು ಊರಿಗೆ ಕರೆದೊಯ್ಯಬೇಕಾದರೆ, ಬ್ಯಾಂಕಿನಲ್ಲಿರುವ ಮಗಳಿಗೆ ಇಲ್ಲಿನ ಕಸ್ಬಾ ಶಾಖೆಯಿಂದ ಉಡುಪಿಗೆ ವರ್ಗವಾಗಬೇಕಿತ್ತು.

“ನಿನ್ನ ಮಗಳು ನನಗೆ ಬೇರೆಯಾ ಮಾರಾಯ?” ಎನ್ನುತ್ತ ಮಂತ್ರಿಗಳು ಅರ್ಜಿಯ ಮೇಲೆ ‘ಕೂಡಲೇ ವರ್ಗಾಯಿಸಿ’ ಎಂದು ಬರೆದು ಸಹಿ ಹಾಕಿದರು.

ರಾಯರು ಶಾಸಕರಾಗಿದ್ದಾಗ ಮೋಹನದಾಸರೇ ಅವರ ಆಪ್ತ ಸಹಾಯಕ. ಯಾರಿಗೂ ಇಲ್ಲ ಅನ್ನದಿರುವ ಉಪಾಯವನ್ನು ರಾಯರಿಗೆ ಹೇಳಿಕೊಟ್ಟವರೂ ಮೋಹನದಾಸರೇ: ಸಹಿಯ ಕೆಳಗೆ ಗೆರೆ ಎಳೆದರೆ ಅಧಿಕಾರಿಗಳು ಕೆಲಸ ಮಾಡಬೇಕು, ಎಳೆಯದಿದ್ದರೆ ಅರ್ಜಿಯನ್ನು ಮೂಲೆಗೆ ಹಾಕಬೇಕು.

ಮಂತ್ರಿಗಳು ಪೆನ್ನು ಮುಚ್ಚಿ, ಅರ್ಜಿ ಕೈಗಿತ್ತು, ಬೆನ್ನು ತಟ್ಟಿದರು. ಸಹಿಯ ಕೆಳಗೆ ಗೆರೆ ಇರಲಿಲ್ಲ.

“ದೊಡ್ಡ ಉಪಕಾರ ಆಯ್ತು, ಭುಜಂಗಣ್ಣ,” ಎಂದು ಮೋಹನದಾಸರು ಕೈಮುಗಿದರು. ಅಂದು ಗೆರೆಯಿಲ್ಲದ ಅರ್ಜಿ ಹಿಡಿದು ಹೋದವರೆಲ್ಲ ಹೀಗೆಯೇ ಕೈಮುಗಿದಿದ್ದರು.