ಪತ್ರಿಕೆ ಹಂಚಲು ಹೋದವರು

ಮಗಳ ಲಗ್ನಪತ್ರಿಕೆ ಹಂಚಿ ಬರುತ್ತೇವೆಂದು ಹುಬ್ಬಳ್ಳಿಯಿಂದ ಕಾರಿನಲ್ಲಿ ಹೊರಟ ಶಿವಲೀಲಾ, ಗುರುಪಾದಪ್ಪ ದಂಪತಿಗೆ ಕಾರವಾರದ ಸಮುದ್ರ ಕಂಡದ್ದೇ ತಡ, ಬಂದ ಕೆಲಸ ಮರೆತುಹೋಯಿತು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಇಬ್ಬರೇ ಎಲ್ಲಿಗೂ ಹೋದವರಲ್ಲ. ಸೀರೆ ಎತ್ತಿ ಹಿಡಿದು ಅಲೆಗಳ ಜೊತೆ ಓಡಿದ ಶಿವಲೀಲಾಗೆ ನಗು ತಡೆಯಲಾಗಲಿಲ್ಲ. ಮರುದಿನ ಉಡುಪಿಯಲ್ಲಿ ಗೋಳಿಬಜೆಯನ್ನು ಎರಡೆರಡು ಸಲ ತರಿಸಿಕೊಂಡು ತಿಂದರು. ಮೂರನೆಯ ದಿನ ಮಂಗಳೂರಿನಲ್ಲಿ ಒಂದೇ ಐಸ್‌ಕ್ರೀಮಿಗೆ ಎರಡು ಚಮಚ ಹಾಕಿಕೊಂಡು ಕೂತಿದ್ದಾಗ ಮಗಳ ಫೋನು ಬಂತು.

“ಅವ್ವಾ, ಕಾರವಾರದ ಮಾಮಾಗ ಪತ್ರಿಕೆ ಕೊಟ್ರೇನು?”

ಶಿವಲೀಲಾ ಗಂಡನ ಮುಖ ನೋಡಿದಳು. ಅವನು ಚಮಚ ಬಾಯಲ್ಲಿಟ್ಟುಕೊಂಡೇ ಹೂಂ ಎನ್ನುವಂತೆ ತಲೆಯಾಡಿಸಿದ.

“ಕೊಟ್ವಿ ನೋಡು. ಬಿಡಲೇ ಇಲ್ಲ, ಊಟಾ ಮಾಡಿಸೇ ಕಳಿಸಿದ್ರು.”

“ಊಟಕ್ಕ ಏನು ಮಾಡಿದ್ರು?”

“ಹೋಳಿಗಿ, ತುಪ್ಪ. ನಿಮ್ಮ ಮಾಮಾ ತಾನಾ ನಿಂತು ಬಡಿಸಿದಾ.” ಹೇಳುತ್ತ ಹೇಳುತ್ತ ಅವಳಿಗೇ ಅದು ನಿಜವೆನಿಸತೊಡಗಿತ್ತು. “ನನ್ನ ಸೊಸಿ ಲಗ್ನಕ್ಕ ಎಂಟು ದಿನ ಮೊದಲೇ ಬರ್ತೀನಿ ಅಂದಾನ.”

“ಹೌದೇನು? ಮಾಮಾ ಮೊನ್ನೆಯಿಂದ ನಮ್ಮನ್ಯಾಗೇ ಅದಾನ. ತಡಿ, ಫೋನ್ ಅವನ ಕೈಯಾಗ ಕೊಡ್ತೀನಿ.”