ಸಿಡಿಲಪ್ಪನ ಒಂಬತ್ತನೇ ಕವಚ

ಉಣಕಲ್ ಕೆರೆಯಿಂದ ಎದ್ದ ಲೋಹದ ದೈತ್ಯನೊಬ್ಬ ಬಸ್ಸುಗಳನ್ನು ತುಳಿಯುತ್ತಿದ್ದಾಗ, ಹುಬ್ಬಳ್ಳಿ ಕಾಯುವ ಸೂಪರ್‌ಹೀರೋ ಸಿಡಿಲಪ್ಪ ಟೇಲರ್ ಮಾಬೂಸಾಬರ ಅಂಗಡಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ. ವಿಜ್ಞಾನಿಗಳು ಮಾಡಿಕೊಟ್ಟಿದ್ದ, ತಾನೇ ಹಾರುವ, ತಾನೇ ಗುರಿಯಿಡುವ ಅವನ ಒಂಬತ್ತನೇ ಕವಚ ಹೊಟ್ಟೆಯ ಹತ್ತಿರ ಮುಚ್ಚುತ್ತಿರಲಿಲ್ಲ.

"ಆ ವಿಜ್ಞಾನಿಗಳು ಒಳಗ ಒಂದ ಇಂಚೂ ಬಿಟ್ಟಿಲ್ಲಲ್ಲೋ! ಮದವಿಗಿಂತ ಮದ್ಲಿನ ಅಳತಿ ಕೊಟ್ಟಿದ್ದೇನಪಾ?" ಎಂದು ಮಾಬೂಸಾಬರು ರೇಗಿದರು.

ಆಮೇಲೆ, ತಾವೇ ತಾಡಪತ್ರಿಯಲ್ಲಿ ಹೊಲಿದಿದ್ದ ಅವನ ಮೊದಲನೇ ಕವಚವನ್ನು ಅಟ್ಟದಿಂದ ಇಳಿಸಿದರು. ಒಳಹೊಲಿಗೆ ಬಿಚ್ಚಿ, ಅಂದೇ ಮಡಿಚಿಟ್ಟಿದ್ದ ಎರಡಿಂಚು ಸಡಿಲಿಸಿದರು. ಗುಂಡಿ ಕೂತಿತು.

"ಇದು ಹಾರಂಗಿಲ್ಲಲ್ರಿ ಚಾಚಾ, ಕೆರಿಗೆ ಹೆಂಗ ಹೋಗ್ಲಿ?" ಎಂದ ಸಿಡಿಲಪ್ಪ.

"ಓಡಕೋತ ಹೋಗು. ಹಾರಿ ಹಾರೇ ಈ ಹೊಟ್ಟಿ ಬಂದೈತಿ."